ಎಂಜಲು ಪೈಪು

ಪೈಪು ತೊಳೆಯುತ್ತಿದ್ದವನು ನಾನು. ಮುಂದೆ ಬೇರೆಯವರನ್ನು ಬೈಯುವುದು ಬಹಳ ಇರುವುದರಿಂದ ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ. ಬೈಗುಳದ ಮೊದಲ ಪಾಲು ನನಗೇ ಇರಲಿ.

ಎಂಬತ್ತರ ದಶಕದ ನಡುವಿನ ಮಾತು. ಹೊಟ್ಟೆಯ ಕ್ಯಾನ್ಸರನ್ನು ಬೇಗ ಪತ್ತೆ ಹಚ್ಚಬೇಕು ಎಂದು ಒಂದು ಧರ್ಮಸಂಸ್ಥೆಯವರು ನಮ್ಮ ಆಸ್ಪತ್ರೆಗೆ ಎಂಡೋಸ್ಕೋಪು ತರಿಸಿಕೊಟ್ಟಿದ್ದರು. ಕಿರುಬೆರಳಿನಷ್ಟು ದಪ್ಪದ, ಮೀಟರಿಗಿಂತ ಚೂರು ಉದ್ದದ, ಕರೀ ಬಣ್ಣದ ಬಾಗುವ ಕೊಳವೆ. ತುದಿಯಲ್ಲಿ ಬೆಳಕು, ಹಿಡಿಕೆಯ ಮೇಲೆ ಡಾಕ್ಟರು ಕಣ್ಣಿಟ್ಟು ನೋಡುವ ಕಿಂಡಿ. ಒಳಗೆ ಉದ್ದಕ್ಕೂ ಒಂದು ಸಣ್ಣ ತೂತು. ಆ ತೂತಿನಲ್ಲಿ ತಂತಿಯಂಥ ಚಿಮಟ ಇಳಿಸಿ, ಜಠರದ ಒಳಪದರದಿಂದ ಸಾಸಿವೆ ಕಾಳಿನಷ್ಟು ಚೂರು ಕಿತ್ತು ತರುತ್ತಿದ್ದರು. ಆ ಚೂರು, ಅದನ್ನು ಕೆಡದಂತೆ ಇಡುವ ಫಾರ್ಮಲಿನ್ ತುಂಬಿದ ಪುಟ್ಟ ಬಾಟಲಿಗೆ ಬಿದ್ದು ಲ್ಯಾಬಿಗೆ ಹೋಗುತ್ತಿತ್ತು. ಇದನ್ನೆಲ್ಲ ಸೇರಿಸಿ ಜನ ಇಟ್ಟ ಹೆಸರು ಒಂದೇ, ಪೈಪು.

ಜೀಪಿನಲ್ಲಿ ನಾವು ನಾಲ್ಕು ಮಂದಿ. ಡಾಕ್ಟರು, ಸಿಸ್ಟರು, ಡ್ರೈವರು, ನಾನು. ವಾರಕ್ಕೊಂದು ಊರಿನ ಸರದಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಮತ್ತೆ ಚನ್ನಗಿರಿ. ಎಲ್ಲಾದರೂ ಒಂದು ಛತ್ರದ ಕೋಣೆ, ಒಂದು ಮಂಚ, ಒಂದು ಬಕೆಟ್ಟು, ಕರೆಂಟು ಏರಿ ಇಳಿದು ಆಡುವುದನ್ನು ತಡೆಯಲು ಒಂದು ಸ್ಟೆಬಿಲೈಸರು. ಬಾಟಲಿಗೆ ನಂಬರು ಹಚ್ಚುವುದು, ಪೈಪು ತೊಳೆಯುವುದು, ಮಾತಾಡುವುದು, ಇವು ಮೂರು ನನ್ನ ಕೆಲಸ. ಮೂರನೆಯದಕ್ಕೇ ನನ್ನನ್ನು ಆರಿಸಿದ್ದು. ಬರಿ ಹೊಟ್ಟೆಯಲ್ಲಿ ಬಂದು, ಗಂಟಲಿಗೆ ಜೋಮಿನ ಔಷಧಿ ಹಾಕಿಸಿಕೊಂಡು, ಎಡಮಗ್ಗುಲಾಗಿ ಮಲಗಿ ನಡುಗುವವರಿಗೆ ಧೈರ್ಯ ತುಂಬಬೇಕಲ್ಲ. ನಾನು ಮಾತು ಕಲಿತದ್ದು ಅಜ್ಜಿಯ ಮಗ್ಗುಲಲ್ಲಿ, ಅಜ್ಜನ ಓರಗೆಯವರು ಕೂರುತ್ತಿದ್ದ ಕಟ್ಟೆಯ ಮೇಲೆ. ಎಂಥ ಹೆದರುಪುಕ್ಕಲನಿಗೂ ನಗು ಬರಿಸುತ್ತೇನೆ ಎಂಬ ಸೊಕ್ಕು ನನಗಿತ್ತು.

ಚನ್ನಗಿರಿಯಲ್ಲಿ ಒಂದು ದಿನ ಮಂಚ ಹತ್ತಿದ ಅಜ್ಜಿ ನನ್ನ ಕೈ ಹಿಡಿದು ಕೇಳಿದಳು.

"ತಮ್ಮಾ, ಈ ಪೈಪು ಈಗ ಆ ಯಪ್ಪನ ಬಾಯಾಗಿತ್ತಲ್ಲ. ಅದನ್ನೇ ನಂಗೂ ಹಾಕ್ತಿಯಾ? ಎಂಜಲಾಗಾದಿಲ್ವಾ?"

"ಅಜ್ಜಿ, ಹೊಟ್ಟೆಯಾಗೆ ಆಸಿಡ್ಡು ಐತೆ. ಮೊಳೆ ನುಂಗಿದ್ರೂ ತುಕ್ಕು ಹಿಡಿಸ್ತೈತೆ. ಆ ಯಪ್ಪನ ಎಂಜಲು ನಿನ್ ಹೊಟ್ಟೆ ಮುಟ್ಟಾದ್ರಾಗೆ ಸುಟ್ಟು ಬೂದಿ."

"ಅದು ಬೂದಿ ಆದ್ರೂ ಆ ಯಪ್ಪನದೇ ಬೂದಿ ಅಲ್ಲೇನೋ?"

ಸಾಲಿನಲ್ಲಿ ಕೂತವರೆಲ್ಲ ನಕ್ಕರು. ಅಜ್ಜಿಯೂ ನಕ್ಕು ಬಾಯಿ ತೆರೆದಳು. ಡಾಕ್ಟರು ಸಿಸ್ಟರ ಕಡೆ ತಿರುಗಿ, "ಇವನಿದ್ರೆ ಅರ್ಧ ಔಷಧಿ ಉಳಿಯುತ್ತೆ ಕಣ್ರೀ" ಎಂದರು. ನಾನು ಆ ಹೊಗಳಿಕೆಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಅಂದಿನಿಂದ ಎಂಜಲಿನ ಪ್ರಶ್ನೆ ಯಾರು ಎತ್ತಿದರೂ ಇದೇ ಉತ್ತರ, ಇದೇ ನಗು.

ತೊಳೆಯುತ್ತಿದ್ದುದು ಹೇಗೆ ಎಂದು ಹೇಳುತ್ತೇನೆ. ಪೈಪು ಹೊರಗೆ ಬಂದ ಕೂಡಲೇ ಸ್ಪಿರಿಟ್ಟಿನ ಬಟ್ಟೆಯಲ್ಲಿ ಮೇಲಿಂದ ಕೆಳಕ್ಕೆ ಒರೆಸುವುದು. ಸ್ಯಾವ್ಲಾನ್ ಬೆರೆಸಿದ ಬಕೆಟ್ಟಿನಲ್ಲಿ ತುದಿ ಅದ್ದುವುದು. ಒಳಗಿನ ತೂತಿನಲ್ಲಿ ಎರಡು ಲೋಟ ನೀರು ಎಳೆಸುವುದು. ಚಿಮಟವನ್ನು ಬಟ್ಟೆಯಲ್ಲಿ ಉಜ್ಜುವುದು. ಮೂರು ನಿಮಿಷ. ಪೈಪಿನ ಪೆಟ್ಟಿಗೆಯಲ್ಲೇ ಒಂದು ಉದ್ದನೆಯ ಸಪೂರ ಬ್ರಷ್ಷು ಬಂದಿತ್ತು, ಆ ತೂತಿನ ಒಳಗನ್ನು ಉಜ್ಜಲೆಂದೇ. ಅದು ಪ್ಲಾಸ್ಟಿಕ್ ಚೀಲದಿಂದ ಆಚೆ ಬಂದೇ ಇರಲಿಲ್ಲ. ನಾನೊಮ್ಮೆ ಕೇಳಿದ್ದಕ್ಕೆ ಡಾಕ್ಟರು, "ಆಸಿಡ್ಡಲ್ಲಿ ಯಾವ ಕ್ರಿಮಿ ಬದುಕುತ್ತಯ್ಯಾ? ಹೊರಗೆ ಸಾಲು ನೋಡು" ಅಂದಿದ್ದರು. ಸಾಲು ನಿಜವಾಗಿಯೂ ಗೇಟು ದಾಟಿತ್ತು. ನಾನು ಬ್ರಷ್ಷಿನ ಮಾತು ಬಿಟ್ಟೆ.

ಮುಂದಿನ ವಾರ ಹೊನ್ನಾಳಿ. ಛತ್ರದ ಪಕ್ಕದಲ್ಲೇ ಒಬ್ಬ ದರ್ಜಿಯ ಅಂಗಡಿ. ಬಾಟಲಿ ಜೋಡಿಸಲು ಬಟ್ಟೆ ಕತ್ತರಿಸುವ ತನ್ನ ಮೇಜನ್ನೇ ಎತ್ತಿಕೊಟ್ಟ, ನನ್ನ ಓರಗೆಯ ಮನುಷ್ಯ. ಬಿಸಿಲಿನಲ್ಲಿ ನಾನು ಬಾಯಾರಿದ್ದು ಕಂಡು ಲೋಟದಲ್ಲಿ ನೀರು ತಂದ. ನಾನು ಎತ್ತಿ ಕುಡಿಯಲು ತಲೆ ಹಿಂದಕ್ಕೆ ಹಾಕಿದೆ.

"ಕಚ್ಚಿ ಕುಡೀರಿ, ಅಂಗಿ ಮ್ಯಾಲೆ ಚೆಲ್ಲಿಕೊಳ್ಳಬ್ಯಾಡ್ರಿ," ಅಂದ. "ನೀವೇನು ಪರಸ್ಥಳದೋರಾ, ನನ್ ಮೇಜಿನ ಮ್ಯಾಲೆ ಸಂಸಾರ ಹೂಡೀರಿ."

ತುಟಿ ಹಚ್ಚಿ ಕುಡಿದೆ. ಸ್ನೇಹ ಆಯಿತು. ಅವನ ಅಣ್ಣ ಹೊಟ್ಟೆಯ ಕ್ಯಾನ್ಸರಿನಲ್ಲಿ ಹೋಗಿ ಒಂದು ವರ್ಷವಾಗಿತ್ತು. ಇವನಿಗೆ ಹೊಟ್ಟೆಯಲ್ಲಿ ನೋವಿಲ್ಲ, ಉರಿಯಿಲ್ಲ, ಭಯ ಒಂದೇ.

"ತೋರಿಸಿಬಿಡ್ರಿ ಒಂದ್ಸಲ," ಅಂದೆ ನಾನೇ. "ಭಯ ಹೋಗ್ತೈತೆ."

ಅವನೂ ಎಂಜಲಿನ ಮಾತೆತ್ತಿದ. ನಾನೂ ಬೂದಿಯ ಮಾತಾಡಿದೆ. ಅವನ ಬಾಟಲಿಗೆ ಹಚ್ಚಿದ ನಂಬರು ಹನ್ನೊಂದು. ಕಿಂಡಿಯಲ್ಲಿ ನೋಡುತ್ತಲೇ ಡಾಕ್ಟರು, "ಏನೂ ಇಲ್ಲ ಕಣಯ್ಯ, ಕನ್ನಡಿ ಥರ ಇದೆ" ಎಂದರು. ಸಂಸ್ಥೆಯವರ ನಿಯಮದಂತೆ ಎಲ್ಲರದೂ ಚೂರು ತೆಗೆಯಬೇಕಿತ್ತು, ತೆಗೆದರು. ದರ್ಜಿ ಎದ್ದು ಕಣ್ಣೊರೆಸಿಕೊಂಡ. ಅವನಿಗಿಂತ ಮೊದಲು ಮಲಗಿದ್ದ ಹತ್ತನೇ ನಂಬರಿನ ಮುದುಕರ ಜಠರದಲ್ಲಿ ಹುಣ್ಣಿತ್ತು. ನಾಲ್ಕು ಕಡೆಯಿಂದ ಚೂರು ಕಿತ್ತಿದ್ದರು.

ಅದರ ಮುಂದಿನ ವಾರ ನ್ಯಾಮತಿಯಲ್ಲಿ ಸಾಮಾನು ಇಳಿಸುತ್ತಿದ್ದೆವು. ಬೆಳಗಿನ ಬಸ್ಸಿಗೇ ದರ್ಜಿ ಬಂದು ನಿಂತಿದ್ದ. ಮುಖ ಇಳಿದುಹೋಗಿತ್ತು.

"ಮೂರು ದಿನದಿಂದ ವಾಂತಿ ರೀ. ಹೊಟ್ಟೆ ಕಿವುಚ್ತೈತೆ. ಬಾಯಿ ಹೆಂಗೆ ನಾರ್ತೈತೆ ಅಂದ್ರೆ ನಮ್ಮನ್ಯಾಕಿ ಮಕ ಆ ಕಡೆ ಮಾಡ್ಕೊಂಡು ಮಾತಾಡ್ತಾಳೆ."

ಡಾಕ್ಟರು ನಾಡಿ ನೋಡಿದರು, ಹೊಟ್ಟೆ ಒತ್ತಿದರು. "ಅಣ್ಣ ಸತ್ತ ಭಯ ಹೊಟ್ಟೆಗೆ ಇಳಿದಿದೆ. ಖಾರ ಬಿಡು, ಚಿಂತೆ ಬಿಡು."

"ಸಾರ್, ಖಾರ ಹುಟ್ಟಿದಾಗಿಂದ ತಿಂತೀನಿ. ಚಿಂತೆ ಅಣ್ಣ ಹೋದಾಗಿಂದ ಐತೆ. ವಾಂತಿ ಈ ವಾರದ್ದು."

ಡಾಕ್ಟರು ಚೀಟಿ ಬರೆಯಲು ಪೆನ್ನು ತೆಗೆದರು. ಆ ಕಾಲದಲ್ಲಿ ಹೊಟ್ಟೆ ನೋವೆಂದು ಬಂದವರಿಗೆಲ್ಲ ಖಾರ, ಚಿಂತೆ, ಎಲೆಅಡಿಕೆ ಎಂದು ಮೂರು ಬೈಗುಳ, ಜೊತೆಗೆ ಒಂದು ಸೀಸೆ ಗುಲಾಬಿ ಬಣ್ಣದ ಔಷಧಿ. ನೋವು ತಿನ್ನುವವನೇ ತಪ್ಪಿತಸ್ಥ. ಎಷ್ಟು ಹೆಂಗಸರು ತಮ್ಮ ಅಡುಗೆಯನ್ನೇ ಶಪಿಸಿಕೊಂಡು ಹೋದರೋ.

ಇನ್ನೊಂದು ಸಲ ನೋಡಿಬಿಡಿ ಸಾರ್ ಎಂದು ನಾನು ಹಟ ಹಿಡಿದೆ. ಗೊಣಗುತ್ತಲೇ ಪೈಪು ಇಳಿಸಿದರು. ಕಿಂಡಿಯಲ್ಲಿ ಕಣ್ಣಿಟ್ಟವರು ಹಿಡಿಕೆಯನ್ನು ನನ್ನತ್ತ ವಾಲಿಸಿ ನನಗೂ ತೋರಿಸಿದರು. ವಾರದ ಕೆಳಗೆ ಕನ್ನಡಿಯಂತಿದ್ದದ್ದು ಈಗ ಬಾಸುಂಡೆ ಎದ್ದ ಚರ್ಮದ ಹಾಗೆ ಕೆಂಪಾಗಿತ್ತು. ಚೂರು ತೆಗೆದರು, ನಾನು ಬಾಟಲಿಗೆ ಹಾಕಿದೆ. ದರ್ಜಿಗೆ ಅದೇ ಗುಲಾಬಿ ಔಷಧಿ ಕೊಟ್ಟು ಕಳಿಸಿದರು.

ನಾಲ್ಕು ದಿನ ಕಳೆದು ಲ್ಯಾಬಿನ ಮೇಡಂ ಕರೆಸಿದರು. ನಾವು ತಂದ ಚೂರುಗಳನ್ನೆಲ್ಲ ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಮೇಲೆ ಬಣ್ಣ ಹಾಕಿ ನೋಡುವ ಡಾಕ್ಟರು ಅವರು. ಕಡಿಮೆ ಮಾತು.

"ಮಲೇರಿಯಾಕ್ಕೆ ಹಾಕೋ ಬಣ್ಣಾನೇ ಹಾಕಿದ್ದೀನಿ. ನೋಡು."

ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಜಠರದ ಒಳಪದರದ ಅಂಚಿನಲ್ಲಿ ಲೋಳೆ. ಆ ಲೋಳೆಯೊಳಗೆ ಸಣ್ಣ ಸಣ್ಣ ಬಾಗಿದ ಗೆರೆಗಳು, ಕತ್ತರಿಸಿ ಚೆಲ್ಲಿದ ಉಗುರಿನ ಹಾಗೆ, ನೂರಾರು.

"ಇದು ನಿನ್ನ ಹತ್ತನೇ ನಂಬರು. ಆ ಹುಣ್ಣು ಕ್ಯಾನ್ಸರೇ," ಅಂದರು. ಗಾಜು ಬದಲಿಸಿದರು. "ಇದು ಹನ್ನೊಂದು, ಮೊದಲನೇ ಸಲದ್ದು." ಏನೂ ಇರಲಿಲ್ಲ, ಒಳಪದರ ಶುಭ್ರ. ಮತ್ತೆ ಬದಲಿಸಿದರು. "ಅದೇ ಮನುಷ್ಯ, ನ್ಯಾಮತಿಯದು." ಉಗುರುಗಳು ತುಂಬಿಹೋಗಿದ್ದವು.

"ಹತ್ತಕ್ಕೂ ಹನ್ನೊಂದಕ್ಕೂ ನಡುವೆ ಏನು ಮಾಡಿದೆ?"

"ತೊಳೆದೆ, ಮೇಡಂ."

"ಹೇಗೆ ತೊಳೆದೆ ಅನ್ನೋದನ್ನ ಹೇಳು."

ಹೇಳಿದೆ. ಬಟ್ಟೆ, ಬಕೆಟ್ಟು, ಎರಡು ಲೋಟ ನೀರು. ಬ್ರಷ್ಷು ಎಲ್ಲಿದೆ ಎಂದು ಅವರು ಕೇಳಿದರು. ಚೀಲದಲ್ಲಿದೆ ಎಂದೆ.

ಆಗ ಅವರು ವಿವರಿಸಿದರು. ಹೊರದೇಶದಲ್ಲಿ ಇಬ್ಬರು ಡಾಕ್ಟರು ಉರಿಯೂತ ಇರುವ ಜಠರಗಳಲ್ಲಿ ಈ ಕ್ರಿಮಿಯನ್ನು ಕಂಡಿದ್ದಾರಂತೆ. ಆಸಿಡ್ಡಿನಿಂದ ತಪ್ಪಿಸಿಕೊಂಡು ಲೋಳೆಯ ಅಡಿಯಲ್ಲಿ ಬದುಕುತ್ತದಂತೆ. ಯಾರೂ ನಂಬದಿದ್ದಾಗ ಒಬ್ಬರು ತಾವೇ ಅದನ್ನು ಕುಡಿದರಂತೆ. ವಾರದೊಳಗೆ ವಾಂತಿ, ಬಾಯಿ ನಾತ.

"ಹಂಗಾದ್ರೆ ಆ ಮುದುಕರ ಕ್ಯಾನ್ಸರ್ರು ಇವನಿಗೆ..."

"ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಹೋಗಲ್ಲ. ಹೋಗಿರೋದು ಈ ಕ್ರಿಮಿ. ಆದರೆ ವರ್ಷಗಟ್ಟಲೆ ಉರಿದ ಜಠರದ ಒಳಪದರ ಸವೆದು ಬದಲಾಗ್ತಾ ಬರುತ್ತೆ, ಅಂಥ ಕಡೆ ಕ್ಯಾನ್ಸರ್ ಹೆಚ್ಚು. ಇದು ನಮಗೆ ಮೊದಲೇ ಗೊತ್ತು. ಉರಿ ಹಚ್ಚೋದು ಯಾರು ಅನ್ನೋದು ಗೊತ್ತಿರಲಿಲ್ಲ. ಇದೇ ಅಂತ ನಾನು ಪ್ರಮಾಣ ಮಾಡಲಾರೆ. ಅಲ್ಲ ಅಂತಲೂ ಹೇಳಲಾರೆ."

ಇಷ್ಟು ವರ್ಷದ ಮೇಲೆ ಈಗ ಅದು ಪಾಠದ ಪುಸ್ತಕದಲ್ಲಿದೆ. ಈ ಕ್ರಿಮಿ ಹೊಕ್ಕ ಬಹುಪಾಲು ಮಂದಿಗೆ ಕ್ಯಾನ್ಸರ್ ಬರುವುದಿಲ್ಲ. ಆದರೆ ಜಠರದ ಕ್ಯಾನ್ಸರಿಗೆ ದಾರಿ ಮಾಡಿಕೊಡುವುದರಲ್ಲಿ ಇದರದೇ ದೊಡ್ಡ ಕೈ. ಅಂದು ಲ್ಯಾಬಿನ ಸ್ಟೂಲಿನ ಮೇಲೆ ಕೂತ ನನಗೆ ಇಷ್ಟೇ ಹೊಳೆದದ್ದು. ಕ್ಯಾನ್ಸರ್ ಹುಡುಕುತ್ತೇವೆ ಎಂದು ಊರೂರಿಗೆ ಹೋದ ನಾವು, ಅದರ ಬೀಜವನ್ನು ನಮ್ಮ ಕೈಯಾರೆ ಒಂದು ಹೊಟ್ಟೆಯಿಂದ ಇನ್ನೊಂದಕ್ಕೆ ನಾಟಿ ಮಾಡಿದ್ದೇವೋ ಏನೋ. ಹೊಲ ಹಸನು ಮಾಡಿಕೊಟ್ಟದ್ದು ನನ್ನ ಹಾಳು ನಾಲಿಗೆ. ಬಾಯಿ ತೆರೆಯಿರಿ ಎಂದು ನಗಿಸಿದವನು ನಾನೇ ಅಲ್ಲವೇ.

ಡಾಕ್ಟರ ಬಳಿ ಹೋಗಿ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಬಾಟಲಿ ಸರಿಯಾಗಿ ತೊಳೆದಿಲ್ಲ ನೀನು. ಅದು ನೀರಿನ ಕಸ."

"ಹತ್ತು, ಹನ್ನೊಂದು ಎರಡೂ ಬಾಟಲಿ ಒಂದೇ ದಿನ, ಒಂದೇ ನೀರಲ್ಲಿ ತೊಳೆದದ್ದು ಸಾರ್. ಹನ್ನೊಂದರಲ್ಲಿ ಯಾಕೆ ಕಸ ಇಲ್ಲ?"

ಪೇಪರು ಕೆಳಗಿಟ್ಟರು. "ಎಲ್ಲೋ ಯಾವನೋ ಹುಚ್ಚ ಏನೋ ಕುಡಿದ ಅಂತ ಜಗಳೂರಿನ ಜನ ಉಪವಾಸ ಕಾಯಬೇಕಾ? ಒಬ್ಬೊಬ್ಬರಿಗೆ ಅರ್ಧ ಗಂಟೆ ತೊಳೀತಾ ಕೂತ್ರೆ ನೂರಾರು ಜನರನ್ನ ಯಾವಾಗ ನೋಡೋದು? ನೀನು ಟೆಕ್ನಿಷಿಯನ್. ತೊಳಿ, ಕೊಡು."

ಅವರ ಲೆಕ್ಕದಲ್ಲೂ ಒಂದು ನ್ಯಾಯ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಪೈಪು ಒಂದೇ, ಕಾಯುವವರು ಬಹಳ. ಆದರೆ ಅಂದು ನನ್ನ ಕಣ್ಣಿಗೆ ಕಟ್ಟಿದ್ದು ಆ ತೂತು, ಅದರೊಳಗಿನ ಕತ್ತಲೆ.

ಜಗಳೂರಿಗೆ ಹೊರಡುವ ಮುನ್ನ ಆಪರೇಷನ್ ಕೋಣೆಯ ಸ್ಟೋರಿನಿಂದ ಗ್ಲುಟರಾಲ್ಡಿಹೈಡ್ ದ್ರಾವಣದ ಒಂದು ಕ್ಯಾನು ತಂದೆ. ಲೋಹದ ಸಾಮಾನಿನ ಕ್ರಿಮಿ ಸಾಯಿಸಲು ಬಳಸುವ ಖಾರವಾದ ನೀರು, ಕಣ್ಣು ಉರಿಸುತ್ತದೆ. ಪೈಪು ಸುತ್ತಿ ಮಲಗಿಸಲು ತಗಡು ಕೆಲಸದವನಿಂದ ಅಗಲವಾದ ಒಂದು ತಟ್ಟೆ ಮಾಡಿಸಿ, ಒಳಗೆ ಪ್ಲಾಸ್ಟಿಕ್ ಹಾಸಿದೆ. ಜಗಳೂರಿನಲ್ಲಿ ನಾನು ತಟ್ಟೆ ಇಳಿಸುವಷ್ಟರಲ್ಲೇ ಡಾಕ್ಟರು ಮೊದಲನೆಯವರಿಗೆ ಪೈಪು ಇಳಿಸಿಬಿಟ್ಟಿದ್ದರು. ಅದು ಮುಗಿದು ಪೈಪು ನನ್ನ ಕೈಗೆ ಬಂದಾಗ ಬ್ರಷ್ಷಿನ ಚೀಲವನ್ನು ಹಲ್ಲಿನಿಂದ ಹರಿದೆ.

ಬ್ರಷ್ಷು ಆ ತುದಿಯಿಂದ ಹೊರಬಂದಾಗ ಸಿಸ್ಟರು ಮೂಗು ಮುಚ್ಚಿಕೊಂಡರು. ಬಂದದ್ದು ಆ ದಿನದ ಒಬ್ಬರ ಲೋಳೆ ಮಾತ್ರವಾಗಿರಲಿಲ್ಲ. ಕಂದು ಬಣ್ಣದ, ಒಣಗಿ ಮತ್ತೆ ನೆನೆದ ಕೊಳೆ. ಚನ್ನಗಿರಿಯದೂ ಇತ್ತೋ, ಅದರ ಹಿಂದಿನ ಸುತ್ತಿನದೂ ಇತ್ತೋ. ಬಿಳಿ ಬಟ್ಟೆಯ ಮೇಲೆ ಅದನ್ನು ಒರೆಸಿ ಡಾಕ್ಟರ ಮುಂದೆ ಹಿಡಿದೆ.

"ಪೈಪು ಕೊಡು," ಅಂದರು.

"ಇಪ್ಪತ್ತು ನಿಮಿಷ ನೆನೀಬೇಕು ಸಾರ್."

"ಕೊಡು ಅಂದೆ."

"ಕೊಡಲ್ಲ ಸಾರ್."

ಮಂಚದ ಮೇಲೆ ಆಗಲೇ ಗಂಟಲು ಜೋಮು ಹಿಡಿಸಿಕೊಂಡು ಒಬ್ಬ ಹೆಂಗಸು ಮಲಗಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಾ ಮಾರುವವರು. ಅವರ ತಾಯಿ ಹೊಟ್ಟೆಯ ಗಡ್ಡೆಯಿಂದಲೇ ಹೋಗಿದ್ದರು. ತೊದಲುತ್ತ ಕೇಳಿದರು, "ಏನ್ರಪ್ಪಾ ಜಗಳ? ಆ ಪೈಪು ಎಂಜಲು ಏನು?"

ಬೂದಿಯ ಉತ್ತರ ನಾಲಿಗೆಯ ತುದಿಗೇ ಬಂತು. ನುಂಗಿದೆ.

"ಹೌದಕ್ಕಾ. ಎಂಜಲೇ. ಇಷ್ಟು ದಿನಾನೂ ಎಂಜಲೇ."

"ಶುರುವಾಯ್ತಾ ಮಡಿ ಮೈಲಿಗೆ," ಎಂದರು ಡಾಕ್ಟರು.

ಆಕೆ ಎದ್ದು ಕೂತರು. "ಮಡಿ ಗಿಡಿ ನಂಗೊತ್ತಿಲ್ಲ ಸಾಯೇಬ್ರೆ. ನನ್ ಅಂಗ್ಡಿಗೆ ಯಾವ ಜಾತಿಯೋರ್ ಬಂದ್ರೂ ಅದೇ ಲೋಟ. ಕುದಿಯೋ ನೀರಾಗೆ ಅದ್ದಿ ತೆಗ್ದೇ ಕೊಡಾದು. ಎಂಟಾಣೆ ಚಾಗೇ ಅಷ್ಟು ಮಾಡ್ತೀನಿ. ನಿಮ್ದು ಇಷ್ಟ್ ದೊಡ್ಡ ಯಂತ್ರ, ಅದಕ್ಕೆ ನೀರು ಕಾಣ್ಸಾಕೆ ಹೊತ್ತಿಲ್ವಾ? ತೊಳೀಲಿ ಬಿಡ್ರಿ, ನಾನ್ ಕಾಯ್ತೀನಿ."

ಪೈಪು ತಟ್ಟೆಯಲ್ಲಿ ಮಲಗಿತು. ಇಪ್ಪತ್ತು ನಿಮಿಷ ನಾನು ಗಡಿಯಾರ ನೋಡಿದೆ, ಡಾಕ್ಟರು ಗೋಡೆ ನೋಡಿದರು. ಕುದಿಸಿ ಆರಿಸಿದ ನೀರಿನಲ್ಲಿ ಒಳಗೂ ಹೊರಗೂ ಜಾಲಿಸಿ ಕೊಟ್ಟೆ. ಸಂಜೆಯ ತನಕ ಏಳು ಜನರದ್ದು ಮಾತ್ರ ಆಯಿತು. ಉಳಿದವರು ಉಪವಾಸ ವಾಪಸು ಹೋದರು. ಹಳ್ಳಿಯಿಂದ ನಡೆದು ಬಂದಿದ್ದ ಒಬ್ಬ ಹಿರಿಯರು ನನ್ನ ಮುಖದ ಹತ್ತಿರಕ್ಕೆ ಬಂದು, "ನಿನ್ ಬ್ರಷ್ಷಿಗೆ ಬೆಂಕಿ ಹಾಕ, ಮತ್ತೆ ನಾಕ್ ವಾರ ಈ ನೋವು ನೀನ್ ತಿಂತಿಯಾ?" ಎಂದರು. ನಾನು ತಗಡಿನ ತಟ್ಟೆ ಎತ್ತಿ ಜೀಪಿಗೆ ಇಟ್ಟೆ. ಮುಂದಿನ ಸುತ್ತಿಗೆ ಅವರು ಬಂದರೋ ಇಲ್ಲವೋ ನನಗೆ ತಿಳಿಯದು. ಆ ಸುತ್ತಿಗೆ ನಾನೇ ಇರಲಿಲ್ಲ.

ಸಿಬ್ಬಂದಿಯ ಅಶಿಸ್ತು ಎಂದು ಡಾಕ್ಟರು ವರದಿ ಬರೆದರು. ನನ್ನನ್ನು ಸ್ಟೋರಿಗೆ ಹಾಕಿದರು. ಅದೇ ವರದಿಯಲ್ಲಿ, ನಾಲ್ಕೂ ಊರಿನ ಶಿಬಿರಗಳು ಯಾರಿಗೂ ಯಾವ ತೊಂದರೆಯೂ ಆಗದಂತೆ ನಡೆದವು ಎಂಬ ಸಾಲು ಇತ್ತು. ನ್ಯಾಮತಿಯ ಕಿಂಡಿಯಲ್ಲಿ ತಾವೇ ಕಂಡ ಕೆಂಪನ್ನು ಆ ಕೈ ಹೇಗೆ ಅಳಿಸಿತೋ. ಸಿಸ್ಟರು ಮಾತ್ರ ತಗಡಿನ ತಟ್ಟೆಯನ್ನು ಜೀಪಿನಿಂದ ಇಳಿಸಲಿಲ್ಲ. "ಡಾಕ್ಟರು ಬೈತಾರೆ, ನಾನು ಪೈಪು ನೆನೆಸ್ತೀನಿ" ಎಂದು ಒಮ್ಮೆ ಕಾರಿಡಾರಿನಲ್ಲಿ ಹೇಳಿದರು.

ದರ್ಜಿಗೆ ಹೇಳುವುದು ಉಳಿದಿತ್ತು. ಮೇಡಂ ತಮ್ಮ ಹೆಸರಿನಲ್ಲೇ ಚೀಟಿ ಬರೆದುಕೊಟ್ಟರು. ಬಿಸ್ಮತ್ ಎಂಬ ಹೊಟ್ಟೆಯ ಔಷಧಿ, ಜೊತೆಗೆ ಕ್ರಿಮಿ ಕೊಲ್ಲುವ ಗುಳಿಗೆ, ಎರಡು ವಾರ. "ಹೋಗುತ್ತೆ ಅಂತ ಭರವಸೆ ಕೊಡಬೇಡ," ಅಂದರು. "ಕಾರಣ ಹೇಳೋದು ಬಿಡೋದು ನಿನಗೆ ಬಿಟ್ಟದ್ದು."

ಹೊನ್ನಾಳಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಥೆ ಕಟ್ಟಿದೆ. ಹೊಸ ಔಷಧಿ ಬಂದಿದೆ ಎನ್ನಲೇ, ಊರಿನ ನೀರು ಕೆಟ್ಟಿದೆ ಎನ್ನಲೇ. ಒಂದಕ್ಕಿಂತ ಒಂದು ಚೆಂದದ ಸುಳ್ಳು. ನನ್ನ ನಾಲಿಗೆಗೆ ಅದೇನು ಕಷ್ಟ. ಅಂಗಡಿಯ ಮುಂದೆ ಇಳಿದಾಗ ಅವನು ಮೆಷಿನ್ನಿನ ಮೇಲೆ ಬಗ್ಗಿದ್ದ, ಎಡಗೈ ಹೊಟ್ಟೆಯ ಮೇಲೆ. ನನ್ನನ್ನು ಕಂಡು ಬನ್ರಿ ಬನ್ರಿ ಎಂದು ಎದ್ದ. ಆ ಬನ್ರಿ ಕೇಳಿ ಕಟ್ಟಿದ ಕಥೆ ಎಲ್ಲ ಬಿಚ್ಚಿಹೋಯಿತು.

ಚೀಟಿ ಕೊಟ್ಟೆ. ಹತ್ತು, ಹನ್ನೊಂದು, ಬ್ರಷ್ಷು, ಎಲ್ಲ ಹೇಳಿದೆ. ಅವನು ಪೂರ್ತಿ ಕೇಳಿದ.

"ನಮ್ಮಣ್ಣಂಗೂ ಇದೇ ಹುಳ ಇತ್ತಾ?"

"ಗೊತ್ತಿಲ್ಲ."

"ಈ ಗುಳಿಗೆ ತಿಂದ್ರೆ ಹೋಗ್ತೈತಾ?"

"ಗೊತ್ತಿಲ್ಲ."

"ನಂಗೂ ಮುಂದೆ ಅಣ್ಣನ ಹಂಗೆ ಆಗ್ತೈತಾ?"

"ಗೊತ್ತಿಲ್ಲ."

"ಮತ್ತೆ ನಿಂಗೇನೋ ಗೊತ್ತಿರಾದು?"

"ಪೈಪು ನಾನು ತೊಳೀಲಿಲ್ಲ ಅನ್ನೋದು ಗೊತ್ತೈತೆ."

ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಟೇಪನ್ನು ಕೊರಳಿನಿಂದ ತೆಗೆದು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ. ಚೀಟಿಯನ್ನು ಅಣ್ಣನ ಫೋಟೋದ ಚೌಕಟ್ಟಿಗೆ ಸಿಕ್ಕಿಸಿದ. ಗುಳಿಗೆ ತೆಗೆದುಕೊಂಡನೆಂದೂ, ಒಂದೂವರೆ ತಿಂಗಳಿಗೆ ಊಟ ಸೇರಿತೆಂದೂ ಆಮೇಲೆ ಆ ಕಡೆಯ ಬಸ್ ಕಂಡಕ್ಟರಿಂದ ತಿಳಿಯಿತು. ಕ್ರಿಮಿ ಹೋಯಿತೋ ಇಲ್ಲವೋ ನೋಡಲು ಮೂರನೇ ಸಲ ಪೈಪು ನುಂಗಬೇಕಿತ್ತು. ಅದನ್ನು ಕೇಳುವ ಮುಖ ನನಗಿರಲಿಲ್ಲ.

ಅಂದು ಹೊರಡಲು ಎದ್ದಾಗ ಬಿಸಿಲು ಜೋರಿತ್ತು. ಅವನು ಒಳಗೆ ಹೋಗಿ ನೀರು ತಂದ, ಅದೇ ಲೋಟ. ಬಾಯಿ ಒಣಗಿತ್ತು, ಲೋಟವನ್ನು ತುಟಿಗೆ ತಂದೆ.

"ಎತ್ತಿ ಕುಡೀರಿ," ಅಂದ.

ಎತ್ತಿ ಕುಡಿದೆ. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಅವನು ಲೋಟ ಇಸಿದುಕೊಂಡು ಹಿತ್ತಲಿಗೆ ಹೋದ. ನಾನು ರಸ್ತೆಗೆ ಇಳಿಯುವವರೆಗೂ ಬೂದಿ ಹಾಕಿ ಅದನ್ನು ತಿಕ್ಕುವ ಸದ್ದು ಕೇಳುತ್ತಲೇ ಇತ್ತು.